ತಿರುಗದ ಕೀ, ಕೆಡದ ಬೀಗ

ಕಾರಿನ ಕೀ ತಿರುಗದೆ ನಿಂತರೆ ನಾವು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಹಲ್ಲು ಕಚ್ಚಿ ತಿರುಚುತ್ತೇವೆ, ಆಗದಿದ್ದರೆ ಮನೆಯಲ್ಲಿ ಸಿಕ್ಕ ಎಣ್ಣೆ ಬಿಡುತ್ತೇವೆ. ಬಲ ಹಾಕಿದರೆ ಕೀ ಒಳಗೇ ಮುರಿಯಬಹುದು. ಎಣ್ಣೆ ಬಿಟ್ಟರೆ ಇವತ್ತಿನ ತೊಂದರೆ ಮುಂದಿನ ತಿಂಗಳಿಗೆ ಹೋಗುತ್ತದೆ, ಬಡ್ಡಿ ಸಮೇತ. ಬಹಳಷ್ಟು ಸಲ ಬೀಗ ಕೆಟ್ಟಿರುವುದೇ ಇಲ್ಲ. ಬೇರೆಯವರ ಕೀ ಬಂದರೆ ತಿರುಗಕೂಡದು ಎಂದೇ ಅದನ್ನು ಮಾಡಿದ್ದಾರೆ. ಹತ್ತು ಹದಿನೈದು ವರ್ಷ ಸವೆದ ನಿಮ್ಮ ಕೀ ಅದಕ್ಕೆ ಗುರುತು ಸಿಗುತ್ತಿಲ್ಲ, ಅಷ್ಟೆ.

ಸ್ಟಿಯರಿಂಗ್ ಪಕ್ಕದ ಆ ಚಿಕ್ಕ ಸೀಳಿನ ಹಿಂದೆ ಮೂರು ಯಂತ್ರಗಳು ಒಂದರ ಬೆನ್ನಿಗೆ ಒಂದು ಕೂತಿವೆ. ಮುಂದೆ ಕೀ ಹೊಗುವ ಸಿಲಿಂಡರ್, ನಡುವೆ ಸ್ಟಿಯರಿಂಗನ್ನು ಕಟ್ಟಿಹಾಕುವ ಉಕ್ಕಿನ ಚಿಲಕ, ತೀರ ಹಿಂದೆ ಕರೆಂಟಿನ ಸ್ವಿಚ್. ಮೂರನ್ನೂ ಸೇರಿಸಿ ನಾವು ‘ಇಗ್ನಿಷನ್ ಲಾಕ್’ ಅನ್ನುತ್ತೇವೆ. ಜಾಮ್ ಆಗಿರುವುದು ಯಾವುದು ಎಂದು ಮೊದಲು ಕಂಡುಕೊಳ್ಳಬೇಕು.

ಚಿಲಕದಿಂದ ಶುರುಮಾಡುವುದು ಒಳ್ಳೆಯದು, ಅದಕ್ಕೆ ಕಾಸು ಖರ್ಚಿಲ್ಲ. ಕೀ ತೆಗೆದ ಮೇಲೆ ಸ್ಟಿಯರಿಂಗ್ ತುಸು ತಿರುಗಿಸಿದರೆ ‘ಕಟಕ್’ ಎಂದು ನಿಲ್ಲುತ್ತದಲ್ಲ, ಆಗ ಉಕ್ಕಿನ ತುಂಡೊಂದು ಸ್ಟಿಯರಿಂಗ್ ದಂಡದ ಕಚ್ಚಿನೊಳಗೆ ಇಳಿದಿರುತ್ತದೆ. ಮುಂಚಕ್ರ ಫುಟ್‌ಪಾತಿನ ಕಲ್ಲಿಗೆ ಓರೆಯಾಗಿ ಒತ್ತಿ ನಿಂತಿದ್ದರೆ, ಇಲ್ಲವೆ ಇಳಿಯುವಾಗ ಸ್ಟಿಯರಿಂಗ್ ಹಿಡಿದು ಎದ್ದಿದ್ದರೆ, ತಿರುಚಿಕೊಂಡ ಟೈರಿನ ಬಲವೆಲ್ಲ ಆ ತುಂಡಿನ ಪಕ್ಕೆಗೆ ಬೀಳುತ್ತದೆ. ಕೀ ತಿರುಗಿಸಿದಾಗ ಆ ತುಂಡು ಕಚ್ಚಿನಿಂದ ಹಿಂದೆ ಸರಿಯಬೇಕು. ಪಕ್ಕೆಯ ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು, ಎರಡು ಬೆರಳಿನ ಬಲ ಸಾಲುವುದಿಲ್ಲ. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಚಿಲಕ ತೆಗೆಯಲು ಮೊದಲು ಬಾಗಿಲನ್ನು ಒತ್ತಿ ಹಿಡಿಯುತ್ತೇವಲ್ಲ, ಇಲ್ಲಿಯೂ ಅದೇ ಉಪಾಯ. ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಎಳೆದು ನೋಡಿ. ಒಂದು ಕಡೆ ಕಲ್ಲಿನಂತೆ ನಿಂತರೆ ಇನ್ನೊಂದು ಕಡೆ ಚೂರು ಬಿಟ್ಟುಕೊಡುತ್ತದೆ. ಬಿಟ್ಟುಕೊಡುವ ಕಡೆಗೆ ಹಿಡಿದುಕೊಂಡೇ ಕೀ ತಿರುಗಿಸಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕೆಲವು ಕಾರುಗಳಲ್ಲಿ ಈ ಚಿಲಕವನ್ನು ಎಳೆಯುವುದು ಒಂದು ಪುಟ್ಟ ಮೋಟಾರು. ಅದೂ ಹೀಗೆಯೇ ಸಿಕ್ಕಿಕೊಳ್ಳುತ್ತದೆ, ಪರಿಹಾರವೂ ಇದೇ.

ಈ ಚಿಲಕ ಕಾರಿಗೆ ತಡವಾಗಿ ಬಂದ ನೆಂಟ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಂದ ಬಹಳ ಕಾಲ ಕೀ ಇದ್ದದ್ದು ಕರೆಂಟು ಬಿಡಲು ಮಾತ್ರ, ಎಂಜಿನ್ ಎಬ್ಬಿಸಲು ಬೇರೆ ಬಟನ್ನೋ ಪೆಡಲೋ ಇರುತ್ತಿತ್ತು. ಎರಡನ್ನೂ ಒಂದೇ ತಿರುವಿಗೆ ತಂದದ್ದು ಕ್ರೈಸ್ಲರ್, 1949ರಲ್ಲಿ. ಆದರೆ ಎರಡು ವೈರು ಕೂಡಿಸಬಲ್ಲ ಕಳ್ಳನಿಗೆ ಕೀಯ ಹಂಗೇ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿ ಹೊಸತು ಹಳತು ಎನ್ನದೆ ಎಲ್ಲ ಕಾರುಗಳಿಗೂ ಸ್ಟಿಯರಿಂಗ್ ಲಾಕ್ ಕಡ್ಡಾಯ ಮಾಡಿತು, ಕಳವು ಗಣನೀಯವಾಗಿ ಇಳಿಯಿತು. ಬ್ರಿಟನ್ 1971ರಲ್ಲಿ ಹೊಸ ಕಾರುಗಳಿಗೆ ಮಾತ್ರ ಕಡ್ಡಾಯ ಮಾಡಿತು. ಅಲ್ಲಿನ ಕಳ್ಳರು ಹಳೆಯ ಕಾರುಗಳ ಕಡೆ ತಿರುಗಿದರು. ಬೀಗ ಮಾಡುವವರಿಗಿಂತ ಕಾನೂನು ಮಾಡುವವರು ಓದಬೇಕಾದ ಕತೆ ಇದು.

ಚಿಲಕ ಸರಿಯಿದ್ದೂ ಕೀ ತಿರುಗದಿದ್ದರೆ ಕಣ್ಣು ಸಿಲಿಂಡರ್ ಕಡೆ ಹೋಗಬೇಕು. ಅದನ್ನು ಬಿಚ್ಚಿ ಹಳೇ ಪೇಪರಿನ ಮೇಲಿಟ್ಟರೆ ಕಾಣುವುದು ಬೆರಳು ದಪ್ಪದ ಒಂದು ಲೋಹದ ಉರುಳೆ, ಅದರ ಉದ್ದಕ್ಕೂ ಅಡ್ಡಡ್ಡ ಸೀಳುಗಳು. ಪ್ರತಿ ಸೀಳಿನಲ್ಲೂ ಉಗುರಿಗಿಂತ ಸಣ್ಣ ಹಿತ್ತಾಳೆ ಬಿಲ್ಲೆ. ಬಿಲ್ಲೆಯ ನಡುವೆ ಆಯತಾಕಾರದ ಕಿಂಡಿ, ಪಕ್ಕದಲ್ಲಿ ಒಂದು ಕಿವಿ, ಕಿವಿಯ ಅಡಿಗೆ ಸೂಕ್ಷ್ಮವಾದ ಸ್ಪ್ರಿಂಗ್. ಹೊರಗಿನಿಂದ ಎಲ್ಲ ಬಿಲ್ಲೆಗಳೂ ಒಂದೇ ಅಳತೆ. ವ್ಯತ್ಯಾಸ ಇರುವುದು ಕಿಂಡಿ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬುದರಲ್ಲಿ. ಕೀ ಇಲ್ಲದಾಗ ಸ್ಪ್ರಿಂಗು ಬಿಲ್ಲೆಯನ್ನು ಹೊರಕ್ಕೆ ತಳ್ಳಿರುತ್ತದೆ. ಬಿಲ್ಲೆಯ ಅಂಚು ಹೊರಕವಚದ ತೋಡಿನಲ್ಲಿ ಸಿಕ್ಕಿ ಉರುಳೆ ಅಲುಗುವುದಿಲ್ಲ. ಸರಿಯಾದ ಕೀ ಹೋದಾಗ ಅದರ ಒಂದೊಂದು ಹಲ್ಲೂ ಒಂದೊಂದು ಬಿಲ್ಲೆಯನ್ನು ಉರುಳೆಯ ಮೈಗೆ ಸಮನಾಗಿ ನಿಲ್ಲಿಸುತ್ತದೆ. ಒಂದೇ ಒಂದು ಬಿಲ್ಲೆ ಹೊರಗೆ ಇಣುಕಿದರೂ ತಿರುಗುವ ಮಾತಿಲ್ಲ.

ಕಿಂಡಿಯ ಒಂದು ಮಟ್ಟಕ್ಕೂ ಮುಂದಿನದಕ್ಕೂ ಅಂತರ ಅರ್ಧ ಮಿಲಿಮೀಟರಿನ ಆಸುಪಾಸು. ಹೀಗಿರುವಾಗ ಅದರ ಅರ್ಧದಷ್ಟು ಸವೆದರೂ ಬೀಗಕ್ಕೆ ಅನುಮಾನ ಬಂದೇ ಬರುತ್ತದೆ. ಸವೆತಕ್ಕೂ ಒಂದು ಕ್ರಮ ಇದೆ. ಕೀಯ ತುದಿಯ ಹಲ್ಲು ಎಲ್ಲ ಬಿಲ್ಲೆಗಳನ್ನೂ ದಾಟಿ ಹೋಗಬೇಕು, ಹಾಗಾಗಿ ಕೀಯಲ್ಲಿ ತುದಿ ಹೆಚ್ಚು ಸವೆಯುತ್ತದೆ. ಬೀಗದ ಬಾಯಿಯ ಹತ್ತಿರದ ಬಿಲ್ಲೆಯನ್ನು ಎಲ್ಲ ಹಲ್ಲುಗಳೂ ಉಜ್ಜಿಕೊಂಡೇ ಹೋಗುತ್ತವೆ, ಹಾಗಾಗಿ ಬೀಗದಲ್ಲಿ ಬಾಯಿ ಹೆಚ್ಚು ಸವೆಯುತ್ತದೆ. ಕೀಯನ್ನು ಪೂರ್ತಿ ತಳ್ಳಿ ಚೂರೇ ಚೂರು ಹಿಂದಕ್ಕೆ ಎಳೆದರೆ ತಿರುಗುತ್ತದೆ ಎಂದು ಹಳೇ ಗಾಡಿಯ ಡ್ರೈವರುಗಳು ಹೇಳುವುದನ್ನು ಕೇಳಿರಬಹುದು. ಹಾಗೆ ತಿರುಗಿದರೆ ಹಲ್ಲು ಸವೆದಿದೆ ಎಂದೇ ಲೆಕ್ಕ.

ಆದ್ದರಿಂದ ಗ್ಯಾರೇಜಿಗೆ ಫೋನ್ ಮಾಡುವ ಮೊದಲು ಬೀರುವಿನಲ್ಲಿ ಮಲಗಿರುವ ಸ್ಪೇರ್ ಕೀ ತನ್ನಿ. ಎರಡನ್ನೂ ಬೆಳಕಿಗೆ ಒಟ್ಟಿಗೆ ಹಿಡಿದರೆ ದಿನಬಳಕೆಯ ಕೀಯ ಏಣುಗಳು ದುಂಡಗಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಸ್ಪೇರ್ ಸಲೀಸಾಗಿ ತಿರುಗಿದರೆ ಬೀಗ ಮುಟ್ಟುವ ಅಗತ್ಯವೇ ಇಲ್ಲ. ಆದರೆ ಸವೆದ ಕೀಯನ್ನೇ ಕೊಟ್ಟು ಡೂಪ್ಲಿಕೇಟ್ ಮಾಡಿಸಬೇಡಿ. ಕೀ ಕತ್ತರಿಸುವ ಮೆಷಿನ್ನು ಕಂಡದ್ದನ್ನು ಕಂಡ ಹಾಗೆ ಕೊರೆಯುತ್ತದೆ, ಸವೆತವನ್ನೂ ಸೇರಿಸಿ. ಚಿಪ್ ಇರುವ ಕೀ ಆದರೆ ಇನ್ನೊಂದು ಗಂಟು: ಹೊಸ ಕೀ ಬೆಣ್ಣೆಯಂತೆ ತಿರುಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ಬೀಗದ ಬಾಯಿಯ ಸುತ್ತ ಇರುವ ತಾಮ್ರದ ಸುರುಳಿ ಆ ಚಿಪ್ಪನ್ನು ಓದಿ ಕಾರಿನ ಕಂಪ್ಯೂಟರಿಗೆ ತಿಳಿಸಬೇಕು. ನೋಂದಣಿ ಇಲ್ಲದ ಚಿಪ್ಪನ್ನು ಅದು ಒಪ್ಪುವುದಿಲ್ಲ.

ಸ್ಪೇರ್ ಕೀಯೂ ತೊಡಕಿದರೆ ಒಳಗೆ ಕೊಳೆ ಕೂತಿದೆ ಎಂದುಕೊಳ್ಳಬಹುದು. ಇಲ್ಲಿ ಎಣ್ಣೆಯ ಪ್ರಶ್ನೆ ಬರುತ್ತದೆ. ಎಣ್ಣೆ ಮೊದಲ ದಿನ ಪವಾಡ ಮಾಡುತ್ತದೆ, ನಿಜ. ಆಮೇಲೆ ನಮ್ಮ ರಸ್ತೆಯ ಧೂಳು, ಹಿತ್ತಾಳೆ ಸವೆದ ಪುಡಿ ಎಲ್ಲವನ್ನೂ ಹಿಡಿದು ಕಪ್ಪು ಲೇಹ್ಯ ಮಾಡುತ್ತದೆ; ಆ ಸಣ್ಣ ಸ್ಪ್ರಿಂಗಿಗೆ ಬಿಲ್ಲೆಯನ್ನು ತಳ್ಳುವ ಶಕ್ತಿ ಉಳಿಯುವುದಿಲ್ಲ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿಗೆ ಅಷ್ಟು ಚಳಿ ಧಾರಾಳವಾಗಿ ಇದೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಿಟ್ಟು, ಕೀ ಹಾಕಿ ತೆಗೆದು ಪ್ರತಿ ಸಲವೂ ಬಟ್ಟೆಗೆ ಒರೆಸಿ. ಕಪ್ಪು ಬರುವುದು ನಿಲ್ಲುವವರೆಗೆ ಬೇಸರಪಡಬಾರದು. ಪೂರ್ತಿ ಒಣಗಿದ ಮೇಲೆ ಚಿಟಿಕೆ ಗ್ರಾಫೈಟ್ ಪುಡಿ ಸಾಕು. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ, ಪದರಗಳ ನಡುವಿನ ಹಿಡಿತ ಬಲು ದುರ್ಬಲ; ಒಂದರ ಮೇಲೊಂದು ಜಾರುತ್ತವೆ, ಧೂಳಿಗೆ ಅಂಟಿಕೊಳ್ಳುವ ಜಿಡ್ಡು ಇರುವುದಿಲ್ಲ. ಪುಡಿ ಸಿಗದಿದ್ದರೆ ಮೆದು ಪೆನ್ಸಿಲಿನಿಂದ ಕೀಯ ಹಲ್ಲುಗಳ ಮೇಲೆ ಗೀಚಿದರೂ ಸದ್ಯಕ್ಕೆ ನಡೆಯುತ್ತದೆ. ಎಣ್ಣೆ ಇದ್ದಲ್ಲಿ ಮಾತ್ರ ಗ್ರಾಫೈಟ್ ಹಾಕಬಾರದು, ಎರಡೂ ಸೇರಿದರೆ ಮತ್ತೆ ಅದೇ ಲೇಹ್ಯ.

ಇಷ್ಟಕ್ಕೂ ಬಗ್ಗದಿದ್ದರೆ ಸಿಲಿಂಡರ್ ಬಿಚ್ಚಲೇಬೇಕು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹಲವು ಕಾರುಗಳಲ್ಲಿ ಲಾಕನ್ನು ಹಿಡಿದಿರುವ ಬೋಲ್ಟುಗಳ ತಲೆಯನ್ನು ಕಾರ್ಖಾನೆಯಲ್ಲೇ ಮುರಿದಿರುತ್ತಾರೆ, ಕಳ್ಳ ಸ್ಪ್ಯಾನರ್ ಹಾಕಬಾರದೆಂದು. ಬೀಗದವನು ಸವೆದ ಬಿಲ್ಲೆಯ ಜಾಗಕ್ಕೆ ಅದೇ ಮಟ್ಟದ ಹೊಸ ಬಿಲ್ಲೆ ಹಾಕಿದರೆ ಅದು ರಿಪೇರಿ. ಬಿಲ್ಲೆಯನ್ನೇ ತೆಗೆದು ಬಿಸಾಡಿ ‘ಈಗ ನೋಡಿ, ಎಷ್ಟು ಸ್ಮೂತು’ ಎಂದರೆ ಲೆಕ್ಕ ಕೇಳಿ. ಎಂಟು ಬಿಲ್ಲೆ, ಒಂದೊಂದಕ್ಕೂ ನಾಲ್ಕು ಮಟ್ಟ ಎಂದರೆ 65,536 ಬಗೆಯ ಕೀಗಳು ಸಾಧ್ಯ. ಮೂರು ಬಿಲ್ಲೆ ಹೋದರೆ ಉಳಿಯುವುದು 1,024.

ಹಿಂದಿನ ಸ್ವಿಚ್ಚಿನ ಕತೆ ಬೇರೆ. ಸ್ಟಾರ್ಟ್ ಆದ ಮೇಲೆ ಕೀ ತಾನಾಗಿ ಹಿಂದಕ್ಕೆ ಬರದಿದ್ದರೆ ಸ್ಟಾರ್ಟರ್ ಮೋಟಾರು ಓಡುತ್ತಲೇ ಇದ್ದು ಸುಟ್ಟುಹೋಗಬಹುದು, ಒಂದು ದಿನವೂ ಮುಂದೂಡಬೇಡಿ. ಕೀ ಬಿಗಿಯಾಗುವುದಕ್ಕಿಂತ ಸಡಿಲವಾಗುವುದು ಅಪಾಯ. ಜನರಲ್ ಮೋಟರ್ಸ್ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿದ್ದು ಇದೇ ಕಾರಣಕ್ಕೆ. ಸ್ವಿಚ್ಚಿನೊಳಗಿನ ಸ್ಪ್ರಿಂಗ್ ದುರ್ಬಲವಾಗಿತ್ತು. ಮೊಣಕಾಲು ತಾಗಿದರೆ, ಭಾರದ ಗೊಂಚಲು ಜೋತಾಡಿದರೆ, ಓಡುವ ಗಾಡಿಯಲ್ಲೇ ಕೀ ಹಿಂದಕ್ಕೆ ಸರಿದು ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಕೆಲಸ ಮಾಡುತ್ತಿರಲಿಲ್ಲ. 124 ಸಾವುಗಳಿಗೆ ಪರಿಹಾರ ನಿಧಿಯಿಂದ ಹಣ ಸಂದಿತು. ಗೊಂಚಲು ಬಿಚ್ಚಿ ಒಂದೇ ಕೀ ಬಳಸಿ ಎಂದು ಆಗ ಕಂಪನಿ ಕೊಟ್ಟ ಸಲಹೆ ನಮ್ಮ ಕಾರುಗಳಿಗೂ ಸಲ್ಲುತ್ತದೆ. ಮನೆ, ಗೇಟು, ಗೋಡೌನು, ಬ್ಯಾಂಕ್ ಲಾಕರ್ ಎಲ್ಲದರ ಭಾರವೂ ಆ ಹಿತ್ತಾಳೆ ಬಿಲ್ಲೆಗಳ ಮೇಲೆ ಯಾಕೆ ಜೋತಾಡಬೇಕು?

ಹೊಸ ಕಾರಿನ ಕೀಗಳ ಜೊತೆ ಅನೇಕ ಸಲ ನಂಬರ್ ಕೊರೆದ ಒಂದು ಚಿಕ್ಕ ತಗಡು ಬರುತ್ತದೆ, ಬಹುಪಾಲು ಜನ ಅದನ್ನು ಮೊದಲ ವಾರವೇ ಕಳೆಯುತ್ತಾರೆ. ಹಲ್ಲುಗಳ ಮೂಲ ಅಳತೆ ಆ ನಂಬರಿನಲ್ಲಿದೆ. ಕೀ ಎಷ್ಟೇ ಸವೆದಿರಲಿ, ಅದರಿಂದ ಕಾರ್ಖಾನೆಯ ಅಳತೆಯದೇ ಹೊಸ ಕೀ ಕೊರೆಸಬಹುದು. ಆರ್‌ಸಿ ಜೊತೆ ಮನೆಯಲ್ಲಿ ಇಡಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬೇಡ. ಹೊಸ ಕಾರಿನ ಖುಷಿಗೆ ಕೀ ಹಿಡಿದ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವವರು ಹಲ್ಲುಗಳ ಮೇಲೆ ಬೆರಳು ಮುಚ್ಚಿಕೊಳ್ಳುವುದು ಕ್ಷೇಮ. ಕಸುಬು ಬಲ್ಲವನಿಗೆ ಸ್ಪಷ್ಟವಾದ ಒಂದು ಫೋಟೋದಿಂದಲೇ ಮಟ್ಟಗಳನ್ನು ಓದಲು ಬರುತ್ತದೆ.