ತೋಟಾ ಪಟ್ಟಿಯನ್ನು ಗುಜರಿಗೆ ಹಾಕುವ ಮುನ್ನ

ಚೆನ್ನೈನ ಕೀಲ್ಪಾಕಿನಲ್ಲಿ ಹಳೇ ತೋಟದ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗಿವೆ. ಇಂಥ ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಚರ್ಮದ ಪಟ್ಟಿ ಬಿತ್ತು ಅಂದುಕೊಳ್ಳಿ. ಸಾಲಾಗಿ ಪುಟ್ಟ ಜೇಬುಗಳು, ಹಿತ್ತಾಳೆ ಗುಂಡಿಗಳು, ಕೈಗೆ ಹತ್ತುವ ಕೆಂಪು ಪುಡಿ. ಗುಜರಿಯವನಿಗೆ ಅದು ಬರೀ ತೂಕದ ಲೆಕ್ಕ. ಆದರೆ ಅದು ಒಬ್ಬ ಸಿಪಾಯಿ ಹೆಗಲ ಮೇಲೆ ಹೊತ್ತಿದ್ದ ತೋಟಾ ಪಟ್ಟಿ.

ಮೊದಲು ಗುರುತಿಸೋದು ಕಲಿಯೋಣ. ಹಿಂದೆ ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿ ತೋಟಾ ಮಾಡುತ್ತಿದ್ದರು. ಒದ್ದೆಯಾದರೆ ಕೆಟ್ಟಿತು. ಅದಕ್ಕೇ ದೊಡ್ಡ ಮುಚ್ಚಳದ ದಪ್ಪ ಚರ್ಮದ ಪೆಟ್ಟಿಗೆ. ಎಷ್ಟೋ ಪೆಟ್ಟಿಗೆಗಳ ಒಳಗೆ ತೂತು ಕೊರೆದ ಮರದ ತುಂಡೂ ಇರುತ್ತಿತ್ತು. ಲೋಹದ ತೋಟಾ ಬಂದ ಮೇಲೆ ಜೇಬಿನ ಪಟ್ಟಿಗಳು ಹೆಚ್ಚಾದವು. ಬ್ರಿಟಿಷರ 1903ರ ಮಾದರಿಯ ಕಾಲಾಳು ಪಟ್ಟಿಯಲ್ಲಿ 5 ಜೇಬು, ಒಂದೊಂದರಲ್ಲಿ 10 ತೋಟಾ. 1908ರಲ್ಲಿ ಕಾಲಾಳುಗಳಿಗೆ ಹತ್ತಿಯ ದಪ್ಪ ನೇಯ್ಗೆಯ ಪಟ್ಟಿ ಬಂತು. ಬಾಣದ ಗುರುತಿನ ಜೊತೆ ‘ಐ’ ಅಕ್ಷರದ ಮುದ್ರೆ ಕಂಡರೆ ಅದು ಭಾರತ ಸರ್ಕಾರದ ಸ್ವತ್ತಾಗಿತ್ತು ಅಂತ ತಿಳಿಯಿರಿ.

ಇದನ್ನೆಲ್ಲ ಯಾಕೆ ಕಾಪಾಡಬೇಕು ಅಂತ ನೀವು ಕೇಳಬಹುದು. ಸೈನಿಕನ ಸಾಮಾನು ಈ ದೇಶದಲ್ಲಿ ಎರಡು ಸಲ ಬೆಂಕಿ ಹೊತ್ತಿಸಿದೆ. ಮದರಾಸು ಸೈನ್ಯದ ಹೊಸ ಪೇಟಕ್ಕೆ ಚರ್ಮದ ತುರಾಯಿ ಹಾಕಿದರು, ಗಡ್ಡ ಮತ್ತು ನಾಮಕ್ಕೂ ಕೈಹಾಕಿದರು. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದರು. ಟಿಪ್ಪು ಸುಲ್ತಾನರ ಮಕ್ಕಳು ಆಗ ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದರು. 1857ರಲ್ಲಿ ತೋಟಾಕ್ಕೆ ಹಸು, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಮಾತು ಹಬ್ಬಿತು. ಮೀರತ್‌ನಲ್ಲಿ ತೋಟಾ ಮುಟ್ಟಲು ಒಪ್ಪದ 85 ಸವಾರರಿಗೆ ಸೆರೆವಾಸವಾಯಿತು. ಅವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ಇಬ್ಬರೂ ಹೊತ್ತದ್ದು ಒಂದೇ ಬಗೆಯ ಪೆಟ್ಟಿಗೆ!

ಇನ್ನು ಈ ಚರ್ಮದ ಹಿಂದಿನ ಕೈಗಳು. ಕೀಲ್ಪಾಕಿಗೆ ದೂರವಲ್ಲದ ಪೆರಿಯಮೇಟ್ ಚರ್ಮದ ವ್ಯಾಪಾರಕ್ಕೆ ಹೆಸರಾದ ಜಾಗ. ಆಂಬೂರು, ವಾಣಿಯಂಬಾಡಿಯ ಚರ್ಮದ ಉದ್ಯಮ ಬೆಳೆಸಿದವರಲ್ಲಿ ಮುಸ್ಲಿಂ ವ್ಯಾಪಾರಿಗಳು ಬಹಳ. ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಮದರಾಸಿನ ಚರ್ಮ ಮೊದಲ ಮಹಾಯುದ್ಧದಲ್ಲಿ ಸೈನಿಕರ ಬೂಟುಗಳಿಗೆ ಹೋಯಿತು. ಯುದ್ಧದ ಪುಸ್ತಕಗಳಲ್ಲಿ ಸೇನಾಪತಿಗಳ ಹೆಸರಿದೆ, ಹದ ಮಾಡಿದವರ ಹೆಸರಿಲ್ಲ. ಅವರ ಕೆಲಸಕ್ಕೆ ಸಾಕ್ಷಿ ಇಂಥ ಚರ್ಮವೇ.

ಕಾಪಾಡೋದು ಹೇಗೆ? ಎಣ್ಣೆ, ಬೂಟ್ ಪಾಲಿಶ್ ಹಚ್ಚಬೇಡಿ. ಆ ಕೆಂಪು ಪುಡಿ ಕೊಳೆಯಲ್ಲ. ಆಮ್ಲದಿಂದ ಚರ್ಮದ ನಾರೇ ಪುಡಿಯಾಗಿರುವ ಲಕ್ಷಣ. ಹೋದದ್ದು ಮರಳಿ ಬರೋಲ್ಲ, ಇನ್ನಷ್ಟು ಹೋಗದಂತೆ ತಡೆಯಬಹುದು ಅಷ್ಟೇ. ನೀರು ತಾಗಿದರೆ ಅದು ಕಪ್ಪಾಗಿ ಗಡುಸಾಗುತ್ತೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಜೇಬಿನೊಳಗೆ ಆಮ್ಲವಿಲ್ಲದ ಕಾಗದ ತುಂಬಿ ಆಕಾರ ಉಳಿಸಿ. ಹಿತ್ತಾಳೆ ಸುತ್ತ ಹಸಿರು ಮೇಣ ಕಟ್ಟಿದ್ದರೆ ಮರದ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಚೆನ್ನೈಯಂಥ ಕಡಲೂರಲ್ಲಿ ಬೂಷ್ಟು ಬೇಗ ಹಿಡಿಯುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ, ಗಾಳಿಯಾಡುವ ಒಣ ಕಪಾಟಿನಲ್ಲಿಡಿ.

ಕಾನೂನೂ ಗೊತ್ತಿರಲಿ. ಖಾಲಿ ಪಟ್ಟಿ ಬೇರೆ, ಜೇಬಿನಲ್ಲಿ ಉಳಿದ ಜೀವಂತ ತೋಟಾ ಬೇರೆ. ಲೈಸೆನ್ಸ್ ಇಲ್ಲದೆ ತೋಟಾ ಇಟ್ಟುಕೊಳ್ಳೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಸಿಕ್ಕರೆ ಬಡಿಯೋದು, ಬಿಚ್ಚೋದು ಬೇಡ; ಪೊಲೀಸರಿಗೆ ತಿಳಿಸಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ವಿದ್ಯಾರ್ಥಿಗಳು ಸಂಗ್ರಹ ಆರಂಭಿಸಲು ಹಣ ಸುರಿಯಬೇಕಿಲ್ಲ. ಎಗ್ಮೋರಿನ ಸರ್ಕಾರಿ ಮ್ಯೂಸಿಯಂ, ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಮ್ಯೂಸಿಯಂ ನೋಡಿ ಕಣ್ಣು ಪಳಗಿಸಿಕೊಳ್ಳಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ: ಇದು ಯಾರದ್ದು, ಯಾವ ಪಡೆ, ಎಲ್ಲಿಂದ ಬಂತು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಪಟ್ಟಿಯ ಜೊತೆಗೇ ಇಡಿ. ಚರ್ಮ ಇನ್ನೂ ಕೆಲವು ದಶಕ ತಾಳೀತು. ಹೇಳುವವರು ಅಷ್ಟು ಕಾಲ ಇರೋಲ್ಲ.