ಟಿಕ್ ಟಿಕ್ ಸದ್ದಿನ ಗವಿವಾಸಿ

ಗೋವಾದ ಉತ್ತರಕ್ಕೆ, ಮಹಾರಾಷ್ಟ್ರದ ವೆಂಗುರ್ಲಾ ಊರಿನೆದುರು ಕಡಲಲ್ಲಿ ಕಲ್ಲುದ್ವೀಪಗಳ ಒಂದು ಗುಂಪಿದೆ. ಹೆಸರು ವೆಂಗುರ್ಲಾ ರಾಕ್ಸ್. ಇಲ್ಲಿನ ರೀವ ಹಕ್ಕಿಗಳು ಮತ್ತು ಸ್ವಿಫ್ಟ್‌ಲೆಟ್‌ಗಳ ಬಗ್ಗೆ ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ 1942ರಷ್ಟು ಹಿಂದೆಯೇ ಬರೆದಿದ್ದರು. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಸಂಜೆಗೆ ಮರಳುವ ಪಕ್ಷಿವೀಕ್ಷಕರ ತಂಡಕ್ಕೆ ರೀವಗಳು ಕಣ್ತುಂಬ ಸಿಗುತ್ತವೆ. ಸ್ವಿಫ್ಟ್‌ಲೆಟ್ ಮಾತ್ರ ಅರ್ಧ ಸಿಗುತ್ತದೆ. ಕುಡುಗೋಲಿನಾಕಾರದ ರೆಕ್ಕೆ ಬೀಸುತ್ತ ಗಾಳಿಯಲ್ಲೇ ಹುಳ ಹಿಡಿಯುವ ಕಂದು ಹಕ್ಕಿ, ಅಷ್ಟೆ. ಅದರ ಉಳಿದರ್ಧ ಬದುಕು ನಡೆಯುವುದು ಗವಿಯ ಕತ್ತಲಲ್ಲಿ.

ಬೆಳಕು ತಲುಪದ ಜಾಗಕ್ಕೆ ಬಂದೊಡನೆ ಸ್ವಿಫ್ಟ್‌ಲೆಟ್ ಟಿಕ್ ಟಿಕ್ ಎನ್ನತೊಡಗುತ್ತದೆ. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂತಹ ಸದ್ದು ಅದು. ಬಂಡೆಗೆ ಬಡಿದು ಬರುವ ಪ್ರತಿಧ್ವನಿಯಿಂದ ಗೋಡೆ ಎಷ್ಟು ದೂರವಿದೆಯೆಂದು ಹಕ್ಕಿ ಅಳೆಯುತ್ತದೆ. ಮೂರೂವರೆ ಮೀಟರ್ ದೂರದ ಗೋಡೆಯಿಂದ ಸದ್ದು ಮರಳಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಗೂಡು ಹತ್ತಿರವಾದಂತೆ ಟಿಕ್‌ಗಳ ನಡುವಿನ ಬಿಡುವು ಕಿರಿದಾಗುತ್ತ ಹೋಗುತ್ತದೆ.

ಈ ವಿದ್ಯೆಯಲ್ಲಿ ಬಾವಲಿಗೆ ಹೆಸರು ಹೆಚ್ಚು. ಆದರೆ ಬಾವಲಿಯ ಸದ್ದು ಬಹುಮಟ್ಟಿಗೆ ನಮಗೆ ಕೇಳದು; ಸ್ವಿಫ್ಟ್‌ಲೆಟ್‌ನದು ಯಾರ ಕಿವಿಗೂ ಬೀಳುತ್ತದೆ. ವ್ಯತ್ಯಾಸದ ಗುಟ್ಟು ಇಲ್ಲೇ ಇದೆ. 50 ಕಿಲೋಹರ್ಟ್ಸ್‌ನ ಬಾವಲಿ ಸದ್ದಿನ ಅಲೆಯುದ್ದ ಸುಮಾರು 7 ಮಿಲಿಮೀಟರ್. 5 ಕಿಲೋಹರ್ಟ್ಸ್‌ನ ಟಿಕ್‌ನದು ಸುಮಾರು 7 ಸೆಂಟಿಮೀಟರ್. ಅಲೆಗಿಂತ ತೀರ ಚಿಕ್ಕದಾದ ವಸ್ತುವಿನಿಂದ ಮರಳುವ ಪ್ರತಿಧ್ವನಿ ಬಹಳ ಕ್ಷೀಣ. ಹಾಗಾಗಿ ಬಾವಲಿ ಕತ್ತಲಲ್ಲಿ ಸೊಳ್ಳೆ ಹಿಡಿಯಬಲ್ಲದು, ಸ್ವಿಫ್ಟ್‌ಲೆಟ್‌ಗೆ ಅದು ಆಗದು. ಅದಕ್ಕೆ ಬೇಕಾಗಿಯೂ ಇಲ್ಲ. ಊಟ ಹಗಲಲ್ಲಿ, ಕಣ್ಣಿನ ಬಲದಿಂದ. ಸದ್ದು ಮನೆ ಸೇರುವುದಕ್ಕೆ ಮಾತ್ರ. ಆ ಕೆಲಸಕ್ಕೆ ಈ ಒರಟು ಅಳತೆಯೇ ಧಾರಾಳ.

ಇಷ್ಟು ಕಷ್ಟಪಟ್ಟು ಕತ್ತಲಿಗೆ ಹೋಗುವುದರಿಂದ ಲಾಭವೂ ಇದೆ. ಬೇಟೆಗೆ ಕಣ್ಣನ್ನೇ ನಂಬಿದ ಹದ್ದು, ಕಾಗೆಗಳು ಅಲ್ಲಿಗೆ ಬರಲಾರವು. ಗೂಡೂ ಆ ಜಾಗಕ್ಕೆ ತಕ್ಕಂತೆಯೇ ಇದೆ. ಮರಿಮಾಡುವ ಕಾಲಕ್ಕೆ ನಾಲಿಗೆಯಡಿಯ ಜೊಲ್ಲುಗ್ರಂಥಿಗಳು ಊದಿಕೊಳ್ಳುತ್ತವೆ. ಹಕ್ಕಿ ಬಂಡೆಗೆ ಉಗುರೂರಿ ಜೋತು, ತಲೆಯನ್ನು ಆಚೀಚೆ ಆಡಿಸುತ್ತ ಅಂಟುಜೊಲ್ಲಿನ ಎಳೆಯನ್ನು ಬಳಿಯುತ್ತದೆ. ಗಾಳಿಗೆ ಅದು ಗಟ್ಟಿಯಾಗಿ, ಪಾಚಿ, ಪುಕ್ಕ ಸೇರಿದ ಅರ್ಧ ಬಟ್ಟಲು ಗೋಡೆಯಲ್ಲಿ ಮೂಡುತ್ತದೆ. ಅದರೊಳಗೆ ಎರಡು ಬಿಳಿ ಮೊಟ್ಟೆ.

ಈ ಜೊಲ್ಲೇ ಹಕ್ಕಿಗೆ ಮುಳುವಾದದ್ದು. ಚೀನೀ ಅಡುಗೆಯಲ್ಲಿ ಜೊಲ್ಲಿನ ಗೂಡಿನಿಂದ ಮಾಡುವ ಸೂಪಿಗಾಗಿ ಗೂಡು ಕೀಳುವ ಕಳ್ಳರು ವೆಂಗುರ್ಲಾ ಗವಿಯನ್ನೂ ಬಿಡಲಿಲ್ಲ. ಕಿತ್ತ ಗೂಡಿನ ಜಾಗದಲ್ಲಿ ಹಕ್ಕಿ ಮತ್ತೆ ಕಟ್ಟುತ್ತದೆ, ಆದರೆ ಮೈಯ ಸತ್ವ ಸುರಿದು, ಋತು ಕಳೆದುಕೊಂಡು.

ಪಕ್ಷಿವೀಕ್ಷಕರಿಗೂ ಇಲ್ಲೊಂದು ಲಕ್ಷ್ಮಣರೇಖೆ ಉಂಟು. ಟಾರ್ಚ್ ಹಿಡಿದು ಗುಂಪಾಗಿ ಒಳನುಗ್ಗಿದರೆ ಹಕ್ಕಿಗಳು ಒಮ್ಮೆಲೇ ಏಳುತ್ತವೆ. ಗಲಿಬಿಲಿಯಲ್ಲಿ ಮೊಟ್ಟೆ, ಮರಿ ಉರುಳುವ ಅಪಾಯವಿದೆ. ಗವಿಯ ಬಾಯಿಯಿಂದ ದೂರ ನಿಂತು, ಒಳಹೋಗುವ ಹಕ್ಕಿಗಳನ್ನು ಒಬ್ಬರು, ಹೊರಬರುವವನ್ನು ಇನ್ನೊಬ್ಬರು ಎಣಿಸಿ, ವರ್ಷ ವರ್ಷವೂ ಅದೇ ತಿಂಗಳು ಅದನ್ನೇ ಮಾಡಿದರೆ ವಸಾಹತು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದರ ಸುಳಿವು ಸಿಗುತ್ತದೆ. ಗವಿಯೊಳಗಿನ ಫೋಟೊಗಿಂತ ಆ ಲೆಕ್ಕದಿಂದ ಹಕ್ಕಿಗೆ ಹೆಚ್ಚು ಪ್ರಯೋಜನ.