ಮುಂಬೈಯಲ್ಲಿ ಅಚ್ಚಾದ ಡಾಲರ್ ಮತ್ತು ಇಂದಿನ ಬೆಳ್ಳಿ ಬಿಲ್ಲೆ

ಮುಂಬೈಯ ಟಂಕಶಾಲೆಯಲ್ಲಿ ಒಂದು ಕಾಲದಲ್ಲಿ ಡಾಲರ್ ತಯಾರಾಗುತ್ತಿತ್ತು ಎಂದರೆ ನಂಬುವಿರಾ? ಅದು ಅಮೆರಿಕದ ಡಾಲರ್ ಅಲ್ಲ. 1895ರಿಂದ ಬ್ರಿಟಿಷರು ಚೀನಾ, ಹಾಂಗ್‌ಕಾಂಗ್ ಮತ್ತು ಮಲಯ ಕಡೆಯ ವ್ಯಾಪಾರಕ್ಕಾಗಿಯೇ ಅಚ್ಚು ಹಾಕಿಸಿದ 'ಬ್ರಿಟಿಷ್ ಟ್ರೇಡ್ ಡಾಲರ್'. ಮುಂಬೈ ಮತ್ತು ಕೋಲ್ಕತ್ತದ ಟಂಕಶಾಲೆಗಳಲ್ಲಿ ಅಚ್ಚಾದರೂ ಇಲ್ಲಿನ ಬಜಾರಿನಲ್ಲಿ ಅದು ಹಣವಾಗಿರಲಿಲ್ಲ. ಇಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ.

ಇಂದು ಸಂಗ್ರಾಹಕರು ಕೊಳ್ಳುವ ಬೆಳ್ಳಿ ಮೆಡಾಲಿಯನ್‌ಗಳಲ್ಲಿ, ಅಂದರೆ ಸ್ಮರಣಿಕೆ ಬಿಲ್ಲೆಗಳಲ್ಲಿ, ಈ ಡಾಲರಿನ ಚಿತ್ರವನ್ನೇ ಹೊತ್ತವು ಸಿಗುತ್ತವೆ. ನಾಣ್ಯ ಯಾವುದು, ಬಿಲ್ಲೆ ಯಾವುದು, ನಾವು ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ಕೊಳ್ಳುವ ಮೊದಲೇ ಗೊತ್ತಿರಬೇಕು.

ಮೊದಲು ಮೂಲ ನಾಣ್ಯ. ತೂಕ 26.95 ಗ್ರಾಂ, ಅದರಲ್ಲಿ ಶೇ. 90 ಬೆಳ್ಳಿ. ಒಂದು ಮುಖದಲ್ಲಿ ತ್ರಿಶೂಲ, ಗುರಾಣಿ ಹಿಡಿದು ನಿಂತ ಬ್ರಿಟಾನಿಯಾ, ಹಿಂದೆ ಹಡಗು. ತ್ರಿಶೂಲದ ನಡುವಿನ ಮೊನೆಯಲ್ಲಿ ಪುಟ್ಟ 'ಬಿ' ಅಕ್ಷರವಿದ್ದರೆ ಅದು ಬಾಂಬೆಯದು. ಇನ್ನೊಂದು ಮುಖ ನನಗೆ ಹೆಚ್ಚು ಇಷ್ಟ. ಅಲ್ಲಿ 'ಒಂದು ಡಾಲರ್' ಎಂದು ಚೀನೀ ಲಿಪಿಯಲ್ಲೂ ಜಾವಿ ಲಿಪಿಯಲ್ಲೂ ಬರೆದಿದೆ. ಜಾವಿ ಎಂದರೆ ಮಲಯ ಭಾಷೆಯನ್ನು ಅರಬ್ಬಿ ಅಕ್ಷರಗಳಲ್ಲಿ ಬರೆಯುವ ಲಿಪಿ. ಉರ್ದು ಓದಲು ಬರುವವರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಹೆಚ್ಚಿನ ಅಕ್ಷರಗಳ ಗುರುತು ಹತ್ತುತ್ತದೆ. ಅಲ್ಲಿರುವುದು 'ಸಾತು ರಿಂಗಿಟ್'. ಅಕ್ಷರ ನಮ್ಮದು, ಮಾತು ಮಲಯದ್ದು.

ಚೀನಾದ ವರ್ತಕರು ಬ್ರಿಟಾನಿಯಾಳ ಮುಖ ನೋಡಿ ಈ ನಾಣ್ಯ ತೆಗೆದುಕೊಳ್ಳುತ್ತಿರಲಿಲ್ಲ, ಬೆಳ್ಳಿಯನ್ನು ನೋಡಿ ತೆಗೆದುಕೊಳ್ಳುತ್ತಿದ್ದರು. ಅಲ್ಲಿನ ಚಿನಿವಾರರು ಪರೀಕ್ಷಿಸಿ ತಮ್ಮ ಸಣ್ಣ ಮುದ್ರೆ ಒತ್ತುವುದಿತ್ತು. ಅದಕ್ಕೆ 'ಚಾಪ್ ಗುರುತು' ಎನ್ನುತ್ತಾರೆ. ಈ ಚಾಪ್ ಬೇರೆಲ್ಲಿಂದಲೋ ಬಂದ ಪದವಲ್ಲ, ನಮ್ಮ 'ಛಾಪಾ ಕಾಗದ'ದ ಛಾಪೇ. ಕೊನೆಯ ಬಾರಿ ಈ ನಾಣ್ಯ ಅಚ್ಚಾದದ್ದು 1935ರಲ್ಲಿ.

ಈಗ ಬಿಲ್ಲೆ. ಸಾಮಾನ್ಯವಾಗಿ ಇದು ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ತೂಗುತ್ತದೆ, ಶುದ್ಧತೆ 999. ಹೀಗೆ ನೋಡಿದರೆ ನಕಲಿನಲ್ಲೇ ಅಸಲಿಗಿಂತ ಹೆಚ್ಚು ಬೆಳ್ಳಿ! ಆದರೆ ಬಿಲ್ಲೆಗೆ ಮುಖಬೆಲೆ ಇಲ್ಲ, ಯಾವ ಸರ್ಕಾರದ ಭರವಸೆಯೂ ಅದರ ಹಿಂದಿಲ್ಲ. (ಸೇಂಟ್ ಹೆಲೆನಾದಂಥ ದ್ವೀಪದ ಹೆಸರಿನಲ್ಲಿ ಮುಖಬೆಲೆಯೊಂದಿಗೆ ಬಂದರೆ ಅದು ಲೆಕ್ಕಕ್ಕೆ ನಾಣ್ಯ.) ಹೊಸ ಇಸವಿ, ಬೇರೆ ತೂಕ ಅಥವಾ 'ಪ್ರತಿ' ಎಂಬ ಗುರುತು ಇರುವ ಬಿಲ್ಲೆ ಪ್ರಾಮಾಣಿಕವಾದದ್ದು. 1902 ಎಂದು ಇಸವಿ ಹಾಕಿ, ಕೃತಕ ಚಾಪ್ ಒತ್ತಿ, ಕಪ್ಪು ಬಳಿದು 'ಅಜ್ಜನ ಕಾಲದ್ದು' ಎಂದು ಮಾರುವುದಕ್ಕೆ ಸಂಗ್ರಹ ಎನ್ನಲಾಗದು, ಅದು ಮೋಸ.

ಬೆಲೆಯ ಲೆಕ್ಕಕ್ಕೆ ಬರೋಣ, ನಾವು ವಾಣಿಜ್ಯದವರಲ್ಲವೇ? ಸುಲಭವಾಗಲೆಂದು ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದುಕೊಳ್ಳಿ. 31.1 ಗ್ರಾಂಗೆ 3,110 ರೂ. ಅಚ್ಚು, ಡಬ್ಬಿ, ಸರ್ಟಿಫಿಕೇಟು ಎಂದು ಮಾರುವವರು 900 ಸೇರಿಸಿದರು ಎನ್ನಿ. ಒಟ್ಟು 4,010. ಅದರ ಮೇಲೆ ಶೇ. 3 ಜಿಎಸ್‌ಟಿ, ಸುಮಾರು 4,130 ರೂ. ಮಾರನೆಯ ದಿನವೇ ಅಂಗಡಿಗೆ ಒಯ್ದರೆ ಅವರು ಕೊಡುವುದು ಹೆಚ್ಚೆಂದರೆ ಬೆಳ್ಳಿಯ ಬೆಲೆ, ಡಬ್ಬಿಗೆ ಪೈಸೆಯೂ ಇಲ್ಲ. ಅಂದರೆ ಗ್ರಾಂಗೆ 133 ಆಗುವವರೆಗೆ ನಮ್ಮ ಅಸಲೂ ಹುಟ್ಟುವುದಿಲ್ಲ. ಚಿತ್ರದ ಮೇಲಿನ ಪ್ರೀತಿಗೆ ಆ ಸಾವಿರ ರೂಪಾಯಿ ಕೊಡಬಹುದು, ತಪ್ಪೇನಿಲ್ಲ. ಅದನ್ನು ಉಳಿತಾಯ ಎಂದು ಮನೆಯಲ್ಲಿ ಹೇಳಬಾರದು, ಅಷ್ಟೆ. ಉಳಿತಾಯವೇ ಬೇಕಿದ್ದರೆ ಸಾದಾ ಬೆಳ್ಳಿ ಗಟ್ಟಿ ಅಗ್ಗ.

ಪರೀಕ್ಷೆಗೆ ಅಯಸ್ಕಾಂತ ಸಾಲದು. ಅಂಟಿಕೊಂಡರೆ ಖೋಟಾ ಎಂಬುದು ಸರಿ, ಆದರೆ ಹಿತ್ತಾಳೆಯೂ ತಾಮ್ರವೂ ಅಂಟುವುದಿಲ್ಲ. ಉತ್ತಮ ಉಪಾಯ ನೀರು. ಚಿಕ್ಕ ಡಿಜಿಟಲ್ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿ. ಬಿಲ್ಲೆಯನ್ನು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವುದು ಬಿಲ್ಲೆಯ ಗಾತ್ರದಷ್ಟು ನೀರಿನ ತೂಕ. ಬೆಳ್ಳಿಯ ಸಾಂದ್ರತೆ 10.49, ಆದ್ದರಿಂದ 31.1 ಗ್ರಾಂ ಬಿಲ್ಲೆಗೆ 3 ಗ್ರಾಂ ಆಸುಪಾಸು ಬರಬೇಕು. ಮೂರೂವರೆ ಬಂದರೆ ಒಳಗಿರುವುದು ತಾಮ್ರದಂಥ ಹಗುರ ಲೋಹ.

ಬಿಲ್ಲೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಬೇಡಿ, ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜುವುದಂತೂ ಬೇಡವೇ ಬೇಡ, ಗೀರು ಬೀಳುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಝಕಾತ್‌ಗೆ ಬೆಳ್ಳಿಯ ನಿಸಾಬ್ ಐವತ್ತೆರಡೂವರೆ ತೊಲ, ಸುಮಾರು 612 ಗ್ರಾಂ. ಒಂದೊಂದಾಗಿ ಸೇರಿಸುತ್ತಾ ಹೋದ ಬಿಲ್ಲೆಗಳು ಇಪ್ಪತ್ತಾದರೆ 622 ಗ್ರಾಂ ಆಯಿತು! ಮನೆಯ ನಗದು, ಚಿನ್ನ ಜೊತೆಗಿದ್ದರೆ ಅದಕ್ಕೂ ಮೊದಲೇ ನಿಸಾಬ್ ತುಂಬಬಹುದು. ಹವ್ಯಾಸಕ್ಕೆ ಕೊಂಡದ್ದು ಎಂದರೂ ಬೆಳ್ಳಿ ಬೆಳ್ಳಿಯೇ. ವರ್ಷ ತುಂಬಿದ ದಿನ ತೂಕ ಮತ್ತು ಶುದ್ಧತೆ ಬರೆದಿರುವ ಬಿಲ್ ಬೇಕಾಗುತ್ತದೆ, ಅದನ್ನು ಡಬ್ಬಿಯ ಜೊತೆಗೇ ಇಡಿ.